ಆರನೇ ಕ್ಲಾಸು, 52 ಹುಡುಗ್ರು, ಚಾಕ್ಲೇಟ್ ಡಬ್ಬಿ ಖಾಲಿ. ಮುಂದ ಏನ್ ಮಾಡ್ಲಿ?

ಹೊಸ_ಟೀಚರ್_ಚಿತ್ತಾಪುರ · ಆಗಸ್ಟ್ 6, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ನಾ ಜೂನ್ ತಿಂಗಳದಿಂದ ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಸಾಲ್ಯಾಗ ಅತಿಥಿ ಶಿಕ್ಷಕಿ ಅಂತ ಹೊಂಟೀನಿ, ಕನ್ನಡ ಮತ್ತ ಸಮಾಜ ತಗೊಳ್ತೀನಿ. ಊರ ಹೆಸರು ಬರಿಯಲ್ಲ, ಬರದ್ರ ನಾಳಿ ಪ್ರಾರ್ಥನಿ ಮುಗಿಯೂದ್ರಾಗ ಎಲ್ಲಾರಿಗೂ ಗೊತ್ತಾಗಿರ್ತದ. ಬಿ.ಎಡ್ ಮುಗಿಸಿ ಎರಡು ವರ್ಷ ಆಯ್ತು, ಪಾಠ ಮಾಡೋದು ನನಗ ಬರ್ತದ ಅಂತ ನಂಬಿಕಿ ಅದ, ಆದ್ರ ಮಾಡ್ಲಿಕ್ಕೆ ಬಿಟ್ರ ತಾನೇ.

ಆರನೇ ಕ್ಲಾಸಿನಾಗ 52 ಮಕ್ಕಳು. ಎರಡು ಸೆಕ್ಷನ್ ಕೂಡಿಸಿ ಒಂದೇ ರೂಮಿನಾಗ ಕೂಡ್ಸ್ಯಾರ, ಯಾಕಂದ್ರ ಇನ್ನೊಂದು ರೂಮಿನ ಛತ್ತು ಸೋರ್ತದ. ಮೊದಲನೇ ವಾರ ಎಲ್ಲಾವೂ ನನ್ನ ಮುಖ ನೋಡ್ಕೋತ ಸುಮ್ನ ಕುಂತಿದ್ವು, ನಾ ಭಾಳ ಛಲೋ ಟೀಚರ್ ಅದೀನಿ ಅಂದ್ಕೊಂಡೆ. ಎರಡನೇ ವಾರ ಗೊತ್ತಾಯ್ತು, ಅವು ನನ್ನ ತೂಕ ಮಾಡ್ಲಕತ್ತಿದ್ವು ಅಂತ. ಆಮ್ಯಾಲ ಶುರು ಆಯ್ತು ನೋಡ್ರಿ ಗದ್ಲ. ನೀರು ಕುಡೀತೀನಿ ಮೇಡಂ, ಒಂದಕ್ಕ ಹೋಗ್ತೀನಿ ಮೇಡಂ, ಇವ ನನ್ನ ಪೆನ್ ತಗೊಂಡಾನ ಮೇಡಂ, ಇಕಿ ನನಗ ಬೈದಳು ಮೇಡಂ, 40 ನಿಮಿಷದ ಪಿರಿಯಡ್‌ನಾಗ ಪಾಠ ಹತ್ತು ನಿಮಿಷ ಆದ್ರ ಪುಣ್ಯ.

ಅದಕ್ಕ ಗೋಡಿಗೆ ಒಂದು ಚಾರ್ಟ್ ಹಚ್ಚಿದೆ. ಸುಮ್ನ ಕುಂತವರಿಗೆ, ಹೋಂವರ್ಕ್ ಮಾಡ್ಕೊಂಡು ಬಂದವರಿಗೆ ಒಂದೊಂದು ಸ್ಟಾರ್, ಐದು ಸ್ಟಾರ್ ಆದ್ರ ಒಂದು ಚಾಕ್ಲೇಟ್. ರೊಕ್ಕ ನನ್ನದೇ, ಗೌರವಧನ ಇನ್ನಾ ಕೈಗೆ ಬಂದಿಲ್ಲ. ಎರಡು ವಾರ ಬಂಗಾರದಂಗ ನಡೀತು. ಈಗ ಹ್ಯಾಂಗಾಗ್ಯದ ಅಂದ್ರ ಮೊನ್ನಿ ಒಬ್ಬಾಕಿಗೆ ಹಲಗಿ ಒರಸವ್ವ ಅಂದ್ರ "ಎಷ್ಟು ಸ್ಟಾರ್ ಮೇಡಂ?" ಅಂತ ಕೇಳಿದಳು. ಮೊದಲು ಪುಕ್ಕಟ ಓಡಿ ಬಂದು ಒರಸ್ತಿದ್ದಾಕೀನೇ ಅಕಿ.

ಇನ್ನ ಹಿಂದಿನ ಸಾಲಿನಾಗ ಒಬ್ಬ ಹುಡುಗ ಇದ್ದಾನ. ಆಡು ಒದರಿದಂಗ ಒದರ್ತಾನ. ಖರೇ ಹೇಳ್ಬೇಕಂದ್ರ ಭಾಳ ಛಲೋ ಒದರ್ತಾನ, ಒಂದಿನ ನಾನೇ ಕಿಟಕಿ ಹೊರಗ ಹಣಿಕಿ ಹಾಕಿ ನೋಡೀನಿ. ಇಡೀ ಕ್ಲಾಸು ಬಿದ್ದು ಬಿದ್ದು ನಗ್ತದ. ಸಿಟ್ಟು ಬಂದು ಅವನಿಗೆ ಬಾಗಲ ಹೊರಗ ನಿಂದ್ರಿಸಿದೆ, ಅಂವ ಅಲ್ಲಿ ಬಿಸಿಊಟದ ಕೋಣಿ ಕಡಿಂದ ಬರೋ ಒಗ್ಗರಣಿ ವಾಸನಿ ತಗೋತ, ರೋಡಿನ ಮ್ಯಾಲ ಹೋಗೋ ಟ್ರ್ಯಾಕ್ಟರ್ ಎಣಿಸ್ಕೋತ ಆರಾಮ ನಿಂತ. ಒಳಗ ಬಾ ಅಂದ್ರ ಬರವಲ್ಲ.

ಎಲ್ಲಾಕ್ಕಿಂತ ನಾಚಿಕಿ ಯಾವಾಗ ಬಂತು ಅಂದ್ರ, ಬಾಜೂ ಕ್ಲಾಸಿನ ಸರ್ ಗದ್ಲ ಕೇಳಿ ಕೈಯಾಗ ಕೋಲು ಹಿಡ್ಕೊಂಡು ನಮ್ಮ ಬಾಗಲದಾಗ ಬಂದು ನಿಂತ್ರು, ಒಂದು ಮಾತೂ ಆಡಲಿಲ್ಲ, ಸುಮ್ನ ನಿಂತ್ರು ಅಷ್ಟೇ, 52 ಮಕ್ಕಳೂ ತಣ್ಣಗಾದ್ವು. ಅವರು ಹೋದಮ್ಯಾಲ ಮಕ್ಕಳು ನನ್ನ ಮುಖ ನೋಡಿದ್ದು ಇನ್ನಾ ಕಣ್ಣ ಮುಂದ ಅದ. ನಾ ಹೊಡಿಯಾಕಿ ಅಲ್ರಿ, ಆಗೋದೂ ಇಲ್ಲ. ಹೊಡೀದೆ, ಚಾಕ್ಲೇಟ್ ಕೊಡದೆ ಕ್ಲಾಸು ಹಿಡಿಯೋದು ಹ್ಯಾಂಗ? ಅನುಭವ ಇದ್ದವರು ಹೇಳ್ರಿ.

ಖಡಕ್_ಜೇವರ್ಗಿ · ಆಗಸ್ಟ್ 6, ರಾತ್ರಿ 10:15

ಮೇಡಂರೆ ತಪ್ಪು ತಿಳ್ಕೋಬ್ಯಾಡ್ರಿ, ಉತ್ತರ ನಿಮ್ಮ ಬಾಜೂ ಕ್ಲಾಸಿನಾಗೇ ಅದ. ನಮ್ಮ ಮಾಸ್ತರು ನಮ್ಮ ಕೈಲೇ ಜಾಲಿ ಬರಲು ಮುರಿಸ್ಕೊಂಡು ಅದರಲೇ ನಮಗ ಬಡೀತಿದ್ರು, ಮನ್ಯಾಗ ಹೇಳಿದ್ರ ಅಪ್ಪ ಇನ್ನೆರಡು ಕೊಡ್ತಿದ್ದ. ಇವತ್ತ ನಾ ಎರಡು ಹೊತ್ತು ಉಣ್ಲಕತ್ತೀನಿ ಅಂದ್ರ ಆ ಬರಲಿನ ಪುಣ್ಯ. ದಂಡಂ ದಶಗುಣಂ ಅಂತ ಹಿರಿಯರು ಸುಮ್ನ ಅಂದಿಲ್ಲ. ಈಗಿನ ಹುಡುಗ್ರಿಗೆ ಅಂಜಿಕಿನೇ ಇಲ್ಲ, ಮ್ಯಾಲಿಂದ ಮೊಟ್ಟಿ, ಬಾಳಿಹಣ್ಣು, ಹಾಲು, ಶೂ, ಎಲ್ಲಾ ಪುಕ್ಕಟ. ನೀವು ಇನ್ನಾ ಚಾಕ್ಲೇಟ್ ಬ್ಯಾರೆ ಕೊಡ್ಲಕತ್ತೀರಿ.

ಬಿದ್ರಿ_ಬೆಳ್ಳಿತಂತಿ · ಆಗಸ್ಟ್ 7, ಬೆಳಗ್ಗೆ 6:20

ನಾನು ಬೀದರ್‌ನಲ್ಲಿ ಒಂದು ಪ್ರೈವೇಟ್ ಶಾಲೆಯಲ್ಲಿ 11 ವರ್ಷದಿಂದ ಇದ್ದೀನಿ, ನಮ್ಮಲ್ಲಿ ಕ್ಲಾಸಿಗೆ 38 ಮಕ್ಕಳು, ಅವರಲ್ಲಿ ಮನೇಲಿ ಮರಾಠಿ ಆಡೋರು, ದಖನಿ ಆಡೋರು, ಕನ್ನಡ ಆಡೋರು ಎಲ್ಲಾ ಇದ್ದಾರೆ, ಅದಕ್ಕೆ "ಸುಮ್ನ ಕುಂದರು" ಅಂತ ಮೂರು ಭಾಷೆಯಲ್ಲಿ ಒದರಿ ಒದರಿ ಗಂಟಲು ಹಾಳು ಮಾಡಿಕೊಂಡವಳು ನಾನು.

ಸ್ಟಾರಿನ ವಿಷಯ ಮೊದಲು. ಆ ಹುಡುಗಿ "ಎಷ್ಟು ಸ್ಟಾರ್" ಅಂತ ಕೇಳಿದ್ದು ಅವಳ ದುರಾಸೆ ಅಲ್ಲ, ನೀವೇ ಕಲಿಸಿದ ಲೆಕ್ಕ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಒಂದು ನರ್ಸರಿ ಶಾಲೆಯಲ್ಲಿ ಪ್ರಯೋಗ ಮಾಡಿದ್ರು. ತಾವಾಗೇ ಖುಷಿಯಿಂದ ಚಿತ್ರ ಬರೆಯೋ ಮಕ್ಕಳನ್ನ ಆರಿಸಿ, ಕೆಲವರಿಗೆ "ಚಿತ್ರ ಬರೆದ್ರೆ ಬಹುಮಾನ ಕೊಡ್ತೀವಿ" ಅಂತ ಮೊದಲೇ ಹೇಳಿದ್ರು, ಕೆಲವರಿಗೆ ಏನೂ ಹೇಳದೆ ಆಮೇಲೆ ಕೊಟ್ರು, ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದ್ರೆ, ಬಹುಮಾನದ ಆಸೆ ಹಚ್ಚಿಸಿಕೊಂಡು ಬರೆದ ಮಕ್ಕಳು ಉಳಿದವರಿಗಿಂತ ಹೆಚ್ಚುಕಮ್ಮಿ ಅರ್ಧ ಹೊತ್ತು ಮಾತ್ರ ಚಿತ್ರದ ಕಡೆ ಹೋಗ್ತಿದ್ರು. ಹೇಳದೆ ಕೊಟ್ಟವರಿಗೆ ಏನೂ ಹಾನಿ ಆಗಿರಲಿಲ್ಲ. ಅಂದ್ರೆ ಕೆಟ್ಟಿದ್ದು ಬಹುಮಾನದಿಂದ ಅಲ್ಲ, ಮೊದಲೇ ಕುದುರಿಸಿಕೊಂಡ ವ್ಯಾಪಾರದಿಂದ. ಹಾಗಂತ ಸ್ಟಾರು ಯಾವಾಗಲೂ ಕೆಟ್ಟದ್ದು ಅಂತಲೂ ಹೇಳಲ್ಲ, ಗಣಿತದ ಮಗ್ಗಿ ಅಂದ್ರೆ ಓಡಿಹೋಗೋ ಮಗುವಿಗೆ ಶುರುವಿಗೆ ಒಂದು ತಳ್ಳು ಬೇಕಾಗುತ್ತೆ. ಪ್ರೀತಿಯಿಂದ ಮಾಡ್ತಿದ್ದ ಕೆಲಸಕ್ಕೆ ಮಾತ್ರ ರೇಟು ಕಟ್ಟಬೇಡಿ.

ಚಾರ್ಟು ಒಂದೇ ದಿನ ಹರಿದು ಹಾಕಬೇಡಿ, ಮೋಸ ಅನ್ಸುತ್ತೆ ಅವಕ್ಕೆ. ಮೆಲ್ಲಗೆ ಐದರ ಬದಲು ಹತ್ತಕ್ಕೆ ಒಯ್ಯಿರಿ, ಚಾಕ್ಲೇಟ್ ಬದಲು ಹಾಜರಿ ಕೂಗೋ ಕೆಲಸ, ಒಂದು ಅಂತ್ಯಾಕ್ಷರಿ, ಮರದ ಕೆಳಗೆ ಒಂದು ಪಿರಿಯಡ್, ಹಿಂಗೆ ದುಡ್ಡಿಲ್ಲದ್ದು ಕೊಡಿ. ಮತ್ತೆ ಬಾಯಿ ಮಾತು. "ಗುಡ್, ವೆರಿ ಗುಡ್" ಅನ್ನೋದು ಹೊಗೆ ಇದ್ದಂಗೆ, ಯಾರಿಗೂ ತಾಗಲ್ಲ. "ನೀನು ಪುಸ್ತಕ ತಂದಿಲ್ಲದ ಹುಡುಗನ ಕಡೆ ನಿನ್ನ ಪುಸ್ತಕ ಸರಿಸಿದೆ ನೋಡು, ಕಂಡೆ ನಾನು" ಅಂತ ಮಾಡಿದ್ದನ್ನ ಹೆಸರು ಹಿಡಿದು ಹೇಳಿ. ದೊಡ್ಡ ಹುಡುಗರಿಗೆ ಎಲ್ಲರ ಮುಂದೆ ಹೇಳಿದ್ರೆ ಮುಜುಗರ, ನೋಟ್‌ಬುಕ್ ತಿದ್ದುವಾಗ ಮೆಲ್ಲಗೆ ಹೇಳಿ ಸಾಕು. ಬೈಯೋದೂ ಅಷ್ಟೇ, ಹಲಗೆ ಹತ್ತಿರದಿಂದ ಹಿಂದಿನ ಬೆಂಚಿಗೆ ಒದರಿದ್ರೆ ಅಲ್ಲಿ ಇವನು ಹೀರೋ ಆಗ್ತಾನೆ, ನಡ್ಕೊಂಡು ಹೋಗಿ ಅವನ ಬೆಂಚಿನ ಹತ್ತಿರ ನಿಂತು ಪಾಠ ಮುಂದುವರಿಸಿದ್ರೆ ಅರ್ಧ ಕೆಲಸ ಆದಂಗೆ.

ಪಿಂಚಣಿ_ಮಾಸ್ತರ_ಸೇಡಂ · ಆಗಸ್ಟ್ 7, ಮಧ್ಯಾಹ್ನ 3:05

ತಂಗೀ, ಮೊದಲು ಖಡಕ್ ಅವರಿಗೆ ಎರಡು ಮಾತು ಹೇಳಿ ನಿನ್ನ ಕಡಿ ಬರ್ತೀನಿ.

ಶಿಕ್ಷಣ ಹಕ್ಕು ಕಾಯ್ದೆ 2009, ಅದರ 17ನೇ ಕಲಂ. ಮಗುವಿಗೆ ಹೊಡಿಯಂಗಿಲ್ಲ, ಮಾನಸಿಕ ಹಿಂಸಾನೂ ಕೊಡಂಗಿಲ್ಲ, ಕೊಟ್ರ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. 2010ರ ಏಪ್ರಿಲ್ 1ರಿಂದ ಜಾರಿಯಾಗ್ಯದ. ಬರೀ ಬೆತ್ತ ಅಲ್ಲ, "ನಿಮ್ಮಪ್ಪನಂಗ ಕುರಿ ಕಾಯ್ಲಿಕ್ಕೇ ಲಾಯಕ್ಕು" ಅಂತ ಹಂಗಿಸೋದೂ ಅದರಾಗೇ ಬರ್ತದ. ಪರ್ಮನೆಂಟ್ ಮಾಸ್ತರಿಗೆ ನೋಟೀಸಾದ್ರೂ ಬರ್ತದ, ಅತಿಥಿ ಶಿಕ್ಷಕರಿಗೆ ನಾಳಿಂದ ಬರಬ್ಯಾಡ ಅಂತ ಒಂದು ಫೋನು ಬಂದ್ರ ಮುಗೀತು. ಅದು ಕಾನೂನಿನ ಮಾತಾಯ್ತು. ನಾನೂ ಬಡಿದೀನಿ, ಸುಳ್ಳು ಯಾಕ ಹೇಳ್ಲಿ, ಮೊದಲ ಹತ್ತು ವರ್ಷ ಛಡಿ ಇಲ್ದ ಕ್ಲಾಸಿಗೆ ಹೋದವ ಅಲ್ಲ. ಹೋದ ವರ್ಷ ಸೇಡಂ ಬಸ್‌ಸ್ಟ್ಯಾಂಡಿನಾಗ ನಲವತ್ತು ದಾಟಿದ ಒಬ್ಬ ಮನಷ್ಯಾ ನನ್ನ ಗುರ್ತು ಹಿಡಿದ, ನಮಸ್ಕಾರ ಮಾಡೋಕಿಂತ ಮೊದಲು ಎರಡೂ ಕೈ ಬೆನ್ನ ಹಿಂದ ತಗೊಂಡ. ಅವನಿಗೇ ತಿಳಿದಿರಲಿಲ್ಲ ತಾ ಹಂಗ ಮಾಡಿದ್ದು. ಚಹಾ ಕುಡಿಸಿ ಕಳಿಸಿದ, ನನಗ ಆ ಚಹಾ ಇಳಿಲಿಲ್ಲ.

ಈಗ ನಿನ್ನ ಕ್ಲಾಸು. ಚಾಕ್ಲೇಟ್, ಛಡಿ ಎರಡೂ ಬದಿಗಿಡು. ಗದ್ಲ ಆದಮ್ಯಾಲ ಏನ್ ಮಾಡ್ಬೇಕು ಅಂತ ಎಲ್ಲಾರೂ ಕೇಳ್ತಾರ, ಗದ್ಲ ಯಾವಾಗ ಹುಟ್ಟಿತು ಅಂತ ಯಾರೂ ನೋಡಂಗಿಲ್ಲ. ಒಂದು ಸಣ್ಣ ನೋಟ್‌ಬುಕ್ ತಗೋ, ಮೂರು ಕಲಂ ಹಾಕು. ಎಷ್ಟು ಗಂಟೆಗೆ ಶುರು ಆಯ್ತು, ಅದಕ್ಕಿಂತ ಸ್ವಲ್ಪ ಮೊದಲು ನೀ ಏನ್ ಮಾಡ್ಲಕತ್ತಿದ್ದಿ, ಗದ್ಲ ಆದಮ್ಯಾಲ ಅವರಿಗೆ ಏನು ಸಿಕ್ತು. ಎಂಟು ದಿನ ಬರಿ. ಯಾರಿಗೂ ತೋರಿಸಬ್ಯಾಡ, ಹೆಚ್‌ಎಂಗೂ ಸಹ.

ನಾ ಇದನ್ನ ಮಾಡಿದಾಗ ನನಗ ಏನ್ ಕಂಡಿತ್ತು ಗೊತ್ತೇನು, ಗದ್ಲದ ಅರ್ಧಕ್ಕಿಂತ ಹೆಚ್ಚು ಪಾಲು ನಾ ಹಲಗಿ ಕಡಿ ಮುಖ ಮಾಡಿ ಬರಿಯೂ ಟೈಮಿನಾಗ, ನೋಟ್‌ಬುಕ್ ಹಂಚೋ ಟೈಮಿನಾಗ, ಒಂದು ಪಾಠ ಮುಗಿಸಿ ಇನ್ನೊಂದು ತಗಿಯೂ ಟೈಮಿನಾಗ. ಅಂದ್ರ ಮಕ್ಕಳ ಕೈಯಾಗ ಕೆಲಸ ಇಲ್ದಾಗ. ಉಡಾಳ ಹುಡುಗ್ರು ಅಂತ ನಾ ಬಡೀತಿದ್ದದ್ದು ನನ್ನ ಆಲಸ್ಯದ ಲೆಕ್ಕಕ್ಕ. ಜೇಕಬ್ ಕೌನಿನ್ ಅಂತ ಒಬ್ಬ ಅಮೆರಿಕದವ 1970ರ ಹೊತ್ತಿಗೆ ನೂರಾರು ತಾಸು ಕ್ಲಾಸಿನ ವಿಡಿಯೋ ನೋಡಿ ಇದೇ ಮಾತು ಹೇಳ್ಯಾನ, ನಮ್ಮ ತರಬೇತಿಯೊಳಗ ಒಬ್ಬ ಉಪನ್ಯಾಸಕರು ಹೇಳಿದ್ರು. ಛಲೋ ಕ್ಲಾಸು ನಡಸೋ ಮಾಸ್ತರಿಗೂ ನಡಸಲಾರದ ಮಾಸ್ತರಿಗೂ ಬೈಯೂದ್ರಾಗ ಏನೂ ಫರಕ್ ಇರಲಿಲ್ಲಂತ, ಫರಕ್ ಇದ್ದದ್ದು ಗದ್ಲ ಏಳೋಕಿಂತ ಮೊದಲಿನ ಕೆಲಸದಾಗ. ಬೆನ್ನಿಗೂ ಕಣ್ಣು ಇರೋ ಮಾಸ್ತರ ಅಂತ ನಮ್ಮ ಕಡಿ ಅಂತೀವಲ್ಲ, ಅದೇ ಅಂವ ಕಂಡ ಗುಣ.

ಆಮ್ಯಾಲ ನಾ ಏನ್ ಮಾಡಿದೆ ಅಂದ್ರ, ಮಧ್ಯಾಹ್ನ ಊಟದ ಬಿಡುವಿನಾಗೇ ಹಲಗಿ ಮ್ಯಾಲ ಬರದಿಡೋದು, ಇಲ್ಲಾಂದ್ರ ಅಕ್ಷರ ಛಂದ ಇದ್ದ ಹುಡುಗಿ ಕೈಲೇ ಬರಸಿ ನಾ ಮಕ್ಕಳ ಕಡಿ ನಿಂದ್ರೋದು. ನೋಟ್‌ಬುಕ್ ಸಾಲಿನ ತುದಿಗೆ ಕೊಟ್ರ ಅವೇ ಪಾಸ್ ಮಾಡ್ತಾವ. ಒಳಗ ಬಂದು ಕುಂದ್ರೂದ್ರಾಗ ಹಲಗಿ ಮ್ಯಾಲ ಒಂದು ಪ್ರಶ್ನಿ ಇರ್ಬೇಕು, ಒಗಟು ಆದ್ರೂ ನಡೀತದ. ಪ್ರಶ್ನಿ ಕೇಳಿದಮ್ಯಾಲ ಮನಸ್ಸಿನಾಗ ಮೂರು ಎಣಿಸು. ನಮಗ ತಡಕೊಳ್ಳೋದು ಆಗಂಗಿಲ್ಲ, ಒಂದು ಸೆಕೆಂಡಿಗೇ ಮುಂದಿನವನಿಗೆ ಕೇಳಿಬಿಡ್ತೀವಿ, ಮುಂದಿನ ಬೆಂಚಿನ ನಾಲ್ಕು ಹುಡುಗ್ರೇ ಉತ್ತರ ಹೇಳ್ತಾವ, ಉಳದ 48 ತಮ್ಮ ಸಂತಿ ತಾವು ಮಾಡ್ತಾವ.

ಆ ಆಡಿನ ಹುಡುಗ. ಅಂವ ಒದರೋದು ಯಾವ ಟೈಮಿಗೆ ಅಂತ ಬರಿ. ನನ್ನ ಅಂದಾಜು, ಓದಿಸೋ ಸರದಿ ಅವನ ಸಾಲಿಗೆ ಬರೋಕಿಂತ ಮೊದಲು. ಓದೋಕ ಬರದವ ದಡ್ಡ ಅನಿಸ್ಕೊಳ್ಳೋದಕ್ಕಿಂತ ಉಡಾಳ ಅನಿಸ್ಕೊಳ್ಳೋದು ಆರಿಸ್ಕೊಳ್ತಾನ, ಉಡಾಳಂಗ ಗೆಳೆಯರಾದ್ರೂ ಇರ್ತಾರ. ನೀ ಹೊರಗ ನಿಂದ್ರಿಸಿದ್ದು ಅವನಿಗೆ ಶಿಕ್ಷಾ ಅಲ್ಲವ್ವ, ಅಂವ ಕೇಳಿದ್ದೇ ನೀ ಕೊಟ್ಟಿ.

ಇನ್ನೊಂದು, 52 ಅನ್ನೋದು ನಿನ್ನ ತಪ್ಪಲ್ಲ. ಅದೇ ಕಾಯ್ದೆಯಾಗ ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೆ ಒಬ್ಬ ಮಾಸ್ತರ ಅಂತ ಅದ. ಛತ್ತಿನ ಮಾತು ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಸಭಾದಾಗ ಬರ್ಲಿ, ನೀ ಎತ್ತಬ್ಯಾಡ, ಹೆಚ್‌ಎಂ ಬಾಯಿಂದ ಬರೋ ಹಂಗ ಮಾಡು.

ಹತ್ತಿಹೊಲ_ಶಹಾಪುರ · ಆಗಸ್ಟ್ 7, ರಾತ್ರಿ 8:50

ನಾ ಟೀಚರ್ ಅಲ್ಲರಿ, ಒಬ್ಬ ತಾಯಿ. ಮಾಸ್ತರು ಆ ಆಡಿನ ಹುಡುಗನ ಬಗ್ಗೆ ಬರೆದ ಮಾತು ಓದಿ ಸುಮ್ಕ ಇರಲಿಕ್ಕೆ ಆಗಲಿಲ್ಲ.

ನನ್ನ ಮಗ ಐದನೇ ಕ್ಲಾಸಿನಾಗ ಇದ್ದಾಗ ಹತ್ತಿ ಬಿಡಿಸೋ ಸೀಜನ್‌ಗೆ ನಾವು ಅವನಿಗೆ ಸಂಗಟ ಕರ್ಕೊಂಡು ಹೋಗಿದ್ವಿ, ತಪ್ಪು ಅಂತ ಗೊತ್ತಿತ್ತು, ಮನ್ಯಾಗ ನೋಡ್ಕೊಳ್ಳೋರು ಯಾರೂ ಇರಲಿಲ್ಲ. ಎರಡೂವರೆ ತಿಂಗಳ ಮ್ಯಾಲ ಸಾಲಿಗೆ ಹೋದ. ಅಲ್ಲಿ ಭಿನ್ನರಾಶಿ ನಡೆದಿತ್ತು, ಇವನಿಗೆ ತಲಿ ಬುಡ ತಿಳಿಲಿಲ್ಲ. "ಬಂದ್ರಪ್ಪಾ ಸಾಹೇಬ್ರು ಪ್ರವಾಸ ಮುಗಿಸ್ಕೊಂಡು" ಅಂತ ಅವತ್ತು ಕ್ಲಾಸಿನಾಗ ಅವರ ಟೀಚರ್ ಅಂದ್ರಂತ. ಎಲ್ಲಾ ಹುಡುಗ್ರು ನಕ್ಕಾರ. ಅವತ್ತಿಂದ ಇಂವ ಬಾಜೂದವರಿಗೆ ಚಿವುಟೋದು, ಪೆನ್ಸಿಲ್ ಮುರಿಯೋದು, ದಿನಾ ಕಂಪ್ಲೇಂಟು. ನಾನೂ ಮನ್ಯಾಗ ಬಡದೆ. ಒಂದು ತಿಂಗಳು ಹಿಂಗೇ ನಡೀತು. ಆಮ್ಯಾಲ ಒಬ್ಬ ಹೊಸ ಮೇಡಂ ಬಂದ್ರು, ಅವರು ನನಗ ಸಾಲಿಗೆ ಕರಸಿ, ಕಂಪ್ಲೇಂಟ್ ಇರ್ಬೇಕು ಅಂತ ನಾ ಅಂಜಿಕೋತ ಹೋದ್ರ, "ನಿಮ್ಮ ಮಗ ಹತ್ತಿ ತೂಕದ ಲೆಕ್ಕ ಬಾಯಿಲೇ ಹೇಳ್ತಾನಲ್ರಿ, ಕಿಲೋಕ್ಕ ಇಷ್ಟಾದ್ರ ಕ್ವಿಂಟಲಿಗೆ ಎಷ್ಟು ಅಂತ, ನಮ್ಮ ಕ್ಲಾಸಿನಾಗ ಯಾರಿಗೂ ಬರಂಗಿಲ್ಲ" ಅಂದ್ರು. ನಾಲ್ಕನೇ ಕ್ಲಾಸಿನ ಪುಸ್ತಕ ತಗೊಂಡು ದಿನಾ ಹತ್ತು ನಿಮಿಷ ಹೇಳಿಕೊಟ್ರು. ಚಿವುಟೋದು ತಾನಾಗೇ ಹೋಯ್ತು, ಯಾವ ದಿನ ಹೋಯ್ತು ಅಂತ ನನಗೂ ನೆನಪಿಲ್ಲ.

ಅದಕ್ಕ ಮೇಡಂ, ಮನಿಗೆ ಫೋನ್ ಮಾಡೋದಿದ್ರ ಮೊದಲನೇ ಫೋನು ಕಂಪ್ಲೇಂಟಿಗೆ ಮಾಡಬ್ಯಾಡ್ರಿ. ಸಾಲಿ ನಂಬರು ಮೊಬೈಲಿನಾಗ ಬಂದ್ರ ನಮ್ಮಂಥವರಿಗೆ ಕೈ ಕಾಲು ನಡಗ್ತಾವ.

ಖಡಕ್_ಜೇವರ್ಗಿ · ಆಗಸ್ಟ್ 7, ರಾತ್ರಿ 9:30

ಅಲ್ರಿ ಮಾಸ್ತರೆ, ನೋಟ್‌ಬುಕ್, ಮೂರು ಕಲಂ ಎಲ್ಲಾ ಕೇಳ್ಲಿಕ್ಕೆ ಛಂದ ಅದ. 52 ಹುಡುಗ್ರು ಒಮ್ಮಿಗೇ ಒದರುವಾಗ ಆ ಮೇಡಂ ಗಡಿಯಾರ ನೋಡಿ ಟೈಮ್ ಬರೀಬೇಕೇನು? ನಾಳಿ ಬೆಳಗ್ಗೆ ಹತ್ತಕ್ಕ ಏನ್ ಮಾಡ್ಬೇಕು ಅದನ್ನ ಹೇಳ್ರಿ. (ಶಹಾಪುರದ ಅಕ್ಕಾರ ಮಾತು ಮಾತ್ರ ಮನಸ್ಸಿಗೆ ಹತ್ತಿತು, ಅದಕ್ಕ ಎದುರು ಮಾತಾಡಲ್ಲ.)

ಗಣಿತದ_ಸರ್_ಯಾದಗಿರಿ · ಆಗಸ್ಟ್ 8, ಬೆಳಗ್ಗೆ 7:10

ಖಡಕ್ ಅಣ್ಣ ಕೇಳಿದ್ದು ಸರಿ ಅದ, ನಾಳೆ ಬೆಳಗ್ಗೆಗೆ ಅಂತ ಒಂದು ಆಟ ಹೇಳ್ತೀನಿ, ನಾ ನಾಲ್ಕು ವರ್ಷ ಆಡಿಸೀನಿ. ನನ್ನದಲ್ಲ ಇದು, 1969ರಲ್ಲಿ ಅಮೆರಿಕದ ಕಾನ್ಸಾಸ್‌ನಾಗ ನಾಲ್ಕನೇ ಕ್ಲಾಸಿನ 24 ಮಕ್ಕಳ ಮ್ಯಾಲ ಮೊದಲು ಮಾಡಿ ನೋಡಿದ್ದು. ಕ್ಲಾಸು ಎರಡು ಟೀಮ್ ಮಾಡಿದ್ರು, ಜಾಗ ಬಿಟ್ಟು ಎದ್ರೆ, ಸುಮ್ನೆ ಮಾತಾಡಿದ್ರೆ ಆ ಟೀಮಿನ ಹೆಸರಿನ ಕೆಳಗ ಒಂದು ಗೀಟು. ಕಮ್ಮಿ ಗೀಟು ಇದ್ದ ಟೀಮು ಗೆದ್ದಂಗೆ, ಎರಡೂ ಟೀಮು ಮಿತಿ ಒಳಗೇ ಇದ್ರೆ ಎರಡೂ ಗೆದ್ದಂಗೆ. ಈ ಎರಡನೇ ನಿಯಮನೇ ಇದರ ಜೀವ, ಅದು ಬಿಟ್ರೆ ಆಟ ಹೋಗಿ ಜಗಳ ಆಗ್ತದ.

52ಕ್ಕ ಎರಡು ಟೀಮ್ ಸಾಲಲ್ಲ, ಆರು ಮಾಡ್ರಿ. ಜಾತಿ, ಓಣಿ, ತಾಂಡಾ ನೋಡಿ ಮಾಡಬ್ಯಾಡ್ರಿ, ಅವೇ ಕೂಡ್ಲಿಕ್ಕೂ ಬಿಡಬ್ಯಾಡ್ರಿ, ಹಾಜರಿ ನಂಬರ್ ಪ್ರಕಾರ ಎಣಿಸಿ ಹಾಕ್ರಿ. ಟೀಮಿನ ಹೆಸರು ಮಕ್ಕಳೇ ಇಡ್ಲಿ. ಭೀಮಾ, ಕಾಗಿಣಾ, ಕೃಷ್ಣಾ ಅಂತ ನದಿ ಹೆಸರು ಇಟ್ರೆ ನಿಮ್ಮ ಸಮಾಜದ ಪಾಠನೂ ಆಯ್ತು. ಇಡೀ ದಿನ ಬ್ಯಾಡ, ಮೊದಲ ದಿನ ಹತ್ತೇ ನಿಮಿಷ, ಅದೂ ಮಾಸ್ತರು ಹೇಳಿದ ಆ ಹಲಗಿ ಬರಿಯೋ ಟೈಮಿನಾಗ. ಗೀಟು ಹಾಕುವಾಗ ಹೆಸರು ಒದರಬ್ಯಾಡ್ರಿ, ಭಾಷಣ ಬ್ಯಾಡ, ಗೀಟು ಹಾಕಿ ಪಾಠ ಮುಂದುವರಿಸ್ರಿ.

ಕಾನ್ಸಾಸ್‌ನಾಗ ಗೆದ್ದವರನ್ನ ಊಟದ ಲೈನಿಗೆ ಮೊದಲು ಬಿಡ್ತಿದ್ರು. ಅದೊಂದು ನಮ್ಮಲ್ಲಿ ಬ್ಯಾಡೇ ಬ್ಯಾಡ. ಬಿಸಿಊಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರು ಮಾಡಿದ್ದು ನಮ್ಮಂಥ ಈಶಾನ್ಯದ ಏಳು ಜಿಲ್ಲಾದಾಗೇ, ಯಾಕ ಅಂತ ಈ ಕಡೆಯವರಿಗೆ ಬಿಡಿಸಿ ಹೇಳೋದು ಬ್ಯಾಡ. ಬೆಳಗ್ಗೆ ರೊಟ್ಟಿ ಕಾಣದೆ ಬಂದ ಮಗುವಿಗೆ ಅದೇ ದಿನದ ಮೊದಲ ಊಟ, ಅದನ್ನ ಬಹುಮಾನಕ್ಕ ಇಡಬಾರದು, ಶಿಕ್ಷಾಕ್ಕೂ ಇಡಬಾರದು. ಆಟದ ಪಿರಿಯಡ್ಡೂ ಕಿತ್ಕೋಬ್ಯಾಡ್ರಿ. ಗೆದ್ದ ಟೀಮಿಗೆ ಕೊನೆಗೆ ಐದು ನಿಮಿಷ ಕಥಿ ಸಾಕು.

ಮತ್ತ ಇದು ಮೊದಲೇ ಹೇಳಿರ್ತೀನಿ, ಒಬ್ಬಿಬ್ಬರು ಬೇಕಂತಲೇ ಟೀಮು ಸೋಲಿಸ್ತಾರ. ಕಾನ್ಸಾಸ್‌ನಾಗೂ ಇಬ್ಬರು ಹುಡುಗ್ರು ನಾವು ಆಡಂಗಿಲ್ಲ ಅಂತ ನಿಂತಿದ್ರು, ಅವರನ್ನ ಬ್ಯಾರೆ ಲೆಕ್ಕಕ್ಕ ಇಟ್ರು, ಉಳಿದ ಮಕ್ಕಳಿಗೆ ಅವರ ಪಾಪ ಹತ್ತಬಾರದು ಅಂತ. ನಿಮ್ಮಲ್ಲಿ ಯಾರು ನಿಲ್ತಾರ ಅಂತ ನಿಮಗ ಗೊತ್ತೇ ಅದ.

ಹೊಸ_ಟೀಚರ್_ಚಿತ್ತಾಪುರ · ಆಗಸ್ಟ್ 27, ರಾತ್ರಿ 10:05

ತಡ ಆಯ್ತು, ನಡುವ ಆಗಸ್ಟ್ 15ರ ಡ್ರಿಲ್ಲು, ಡ್ಯಾನ್ಸು ಅಂತ ಪುರಸತ್ತೇ ಸಿಗಲಿಲ್ಲ. ಎಲ್ಲಾರಿಗೂ ಧನ್ಯವಾದ, ಖಡಕ್ ಅಣ್ಣಾರಿಗೂ.

ನೋಟ್‌ಬುಕ್ ಬರದೆ. ಎಂಟು ದಿನ ಆಗಲಿಲ್ಲ, ಆರು ದಿನ ಆಯ್ತು. ಗಂಟೆ ಬರಿಯೋದು ಆಗಲಿಲ್ಲ, ಗದ್ಲ ಎದ್ದಾಗ ಒಂದು ಅಕ್ಷರ, ಹಲಗಿಗೆ ಹ, ನೋಟ್‌ಬುಕ್ಕಿಗೆ ನ, ಓದಿಸೋದಕ್ಕ ಓ. ಆರು ದಿನದಾಗ 31 ಸಲ ಬರದೀನಿ, ಅದರಾಗ 14 ಹ. ನನ್ನ ಬೆನ್ನು ನೋಡಿದ್ರ ಸಾಕು ಅವಕ್ಕ. ಈಗ ಅಕ್ಷರ ಛಂದ ಇರೋ ಇಬ್ಬರಿಗೆ ಸರದಿ ಮ್ಯಾಲ ಬರೀಲಿಕ್ಕೆ ಹಚ್ಚೀನಿ, ನಾ ನಡುವ ತಿರುಗಾಡ್ತೀನಿ. ಅದೊಂದರಿಂದಲೇ ಗಂಟಲು ಉಳೀತು. ಬಾಜೂ ಕ್ಲಾಸಿನ ಸರ್ ಮತ್ತ ಬಂದಿಲ್ಲ, ಮೊನ್ನಿ ಒಮ್ಮೆ ಹಣಿಕಿ ಹಾಕಿ "ಹುಡುಗ್ರು ಎಲ್ಲಿ ಹೋಗ್ಯಾರ?" ಅಂದ್ರು. ಇಲ್ಲೇ ಅದಾವ ಸರ್ ಅಂದೆ.

ಆಟ ಎರಡು ದಿನ ಛಲೋ ನಡೀತು, ಮೂರನೇ ದಿನ ಕೆಟ್ಟಿತು. ಕಾಗಿಣಾ ಟೀಮಿನಾಗ ಆ ಆಡಿನ ಹುಡುಗ ಇದ್ದಾನ, ಬೇಕಂತಲೇ ಐದು ಸಲ ಒದರಿದ, ಟೀಮಿನವರು ಹೊರಗ ಬಂದಮ್ಯಾಲ ಅವನಿಗೆ ದಬ್ಬಿದ್ರು, ಅಂಗಿ ಗುಂಡಿ ಹರೀತು. ತಪ್ಪು ನನ್ನದು, ಯಾದಗಿರಿ ಸರ್ ಮೊದಲೇ ಹೇಳಿದ್ರೂ ನಾ ಅವನಿಗೆ ಟೀಮಿನಾಗೇ ಇಟ್ಟಿದ್ದೆ, ಬ್ಯಾರೆ ಮಾಡಿದ್ರ ಮನಸ್ಸಿಗೆ ಹತ್ತೀತು ಅಂತ. ಈಗ ಅಂವ ಗೀಟು ಹಾಕೋ ಅಂಪೈರ್. ಅಂಪೈರ್ ಒದರಂಗಿಲ್ಲ ಅಂತ ಅವನೇ ನಿಯಮ ಮಾಡ್ಕೊಂಡಾನ, ನಾ ಹೇಳಿದ್ದಲ್ಲ.

ಮಾಸ್ತರೆ, ನಿಮ್ಮ ಅಂದಾಜು ಖರೇ ಆಯ್ತು. ಅವನ ಮುಂದ ನಾ ಬರದ ಒಂಬತ್ತು ಗುರ್ತಿನಾಗ ಏಳು ಓ. ತಾಂಡಾದ ಹುಡುಗ, ಮನ್ಯಾಗ ಲಂಬಾಣಿ ಮಾತು, ಮೂರು ನಾಲ್ಕನೇ ಕ್ಲಾಸು ಅಪ್ಪ ಅವ್ವನ ಸಂಗಟ ಪುಣೆದಾಗ ಕಟ್ಟಡದ ಕೆಲಸಕ್ಕ ಹೋದಾಗ ಅರ್ಧಮರ್ಧ ಆಗ್ಯಾವ. ಒತ್ತಕ್ಷರ ಬಂದ್ರ ನಿಂತುಬಿಡ್ತಾನ. ಈಗ ಎಲ್ಲಾರ ಮುಂದ ಓದ್ಸಂಗಿಲ್ಲ, ಊಟ ಆದಮ್ಯಾಲ ಹತ್ತು ನಿಮಿಷ ನಾವಿಬ್ಬರೇ ನಲಿ ಕಲಿ ಕಾರ್ಡು ತಗೊಂಡು ಕುಂದರ್ತೀವಿ. ನಾಚ್ಕೊಂಡ, ಸಣ್ಣ ಹುಡುಗ್ರ ಕಾರ್ಡು ಅಂತ. ಅದಕ್ಕ ಅವನಿಗೆ ಎರಡನೇ ಕ್ಲಾಸಿನ ಹುಡುಗ್ರಿಗೆ ಹೇಳಿಕೊಡೋದು ಅದ, ಮೊದಲು ನೀ ಕಲಿ ಅಂದೀನಿ, ಖರೇನೂ ಕಳಿಸ್ಲಕತ್ತೀನಿ. ಅವರ ಅವ್ವಗ ಫೋನ್ ಮಾಡಿದೆ, ಶಹಾಪುರದ ಅಕ್ಕಾರು ಹೇಳಿದಂಗ ಕಂಪ್ಲೇಂಟ್ ಇಲ್ದ. ಐದು ನಿಮಿಷ ಅಕಿ ಏನಾತು ಏನಾತು ಅಂತ ಕೇಳಿದಳು, ಏನೂ ಆಗಿಲ್ಲ ಅಂತ ನಂಬಲೇ ಇಲ್ಲ.

ಎಲ್ಲಾ ಸರಿ ಆಯ್ತು ಅಂತಲ್ಲ. ಶುಕ್ರವಾರ ಕಡೀ ಪಿರಿಯಡ್ ಇನ್ನಾ ಸಂತಿನೇ. ಸ್ಟಾರ್ ಚಾರ್ಟು ಹತ್ತಕ್ಕ ಒಯ್ದೀನಿ, ಇಬ್ಬರು ಮುನಿಸ್ಕೊಂಡಾರ.

ಈಗ ಹೊಸಾ ಪ್ರಶ್ನಿ. ಸೆಪ್ಟೆಂಬರ್ 17ಕ್ಕ ಕಲ್ಯಾಣ ಕರ್ನಾಟಕ ಉತ್ಸವ ದಿನ ಅಂತ 1948ರಾಗ ನಮ್ಮ ಭಾಗ ನಿಜಾಮನ ಆಳ್ವಿಕಿಯಿಂದ ಬಿಡುಗಡಿ ಆದ ವಿಷಯದ ಮ್ಯಾಲ ಸಣ್ಣ ನಾಟಕ ಮಾಡಸ್ಲಕತ್ತೀನಿ. ಇವನಿಗೆ ಅಂತಲೇ ಒಂದು ಆಡಿನ ಪಾರ್ಟು ಸೇರಿಸಿದ್ದೆ, ಖುಷಿ ಪಡ್ತಾನ ಅಂತ. ಅಂವ ಒಲ್ಲೆ ಅಂದ. ಸರ್ದಾರ್ ಪಟೇಲ್ ಆಗ್ತಾನಂತ. ಪಟೇಲರಿಗೆ 14 ಸಾಲು ಮಾತು ಅವ, ಒತ್ತಕ್ಷರ ತುಂಬ್ಯಾವ, ಮುಂದ ಊರ ಮಂದಿ ಎಲ್ಲಾ ಕುಂತಿರ್ತಾರ. ನಡುವ ನಿಂತುಬಿಟ್ರ ಅಂತ ನನಗ ಅಂಜಿಕಿ. ಕೊಡ್ಲೋ ಬ್ಯಾಡೋ?

ಖಡಕ್_ಜೇವರ್ಗಿ · ಆಗಸ್ಟ್ 27, ರಾತ್ರಿ 10:20

ಕೊಡ್ರಿ. ಆಡಿನ ಪಾರ್ಟಿಗೆ ಯಾರೂ ಸಿಗಲಿಲ್ಲಂದ್ರ ಫೋನ್ ಮಾಡ್ರಿ, ಬೈಕಿನ ಮ್ಯಾಲ ಬರ್ತೀನಿ.

ಪಿಂಚಣಿ_ಮಾಸ್ತರ_ಸೇಡಂ · ಆಗಸ್ಟ್ 28, ಬೆಳಗ್ಗೆ 5:45

ಕೊಡು ತಂಗಿ. 14 ಸಾಲು ಒಮ್ಮಿಗೇ ಬ್ಯಾಡ, ದಿನಕ್ಕ ಒಂದು ಸಾಲು, 17ರ ತನಕ ಸಾಕಷ್ಟು ದಿನ ಅವ. ಒತ್ತಕ್ಷರದ ಮಾತು ನೀನೇ ಬದಲಿಸು, ಪಟೇಲರು ಏನು ನಮ್ಮ ಕನ್ನಡ ಆಡಿದವರಲ್ಲ. ಬಾಯಿಪಾಠ ಮಾಡ್ಸೋಕಿಂತ ಮೊದಲು ಹಾಳಿ ಅವನ ಕೈಲೇ ಬರಸು.